ನಾರ್ವೆಯ ಬಂಡೆ, ಆಸ್ಥಾನದ ನರಿ: ಎವರ್‌ಡಿಂಗೆನ್‌ನ ಎಚಿಂಗ್‌ಗಳನ್ನು ನೋಡುವ ಬಗೆ

ಹದಿನೇಳನೇ ಶತಮಾನದ ಡಚ್ ಚಿತ್ರಕಲೆ ಎಂದ ಕೂಡಲೇ ನೆನಪಾಗುವುದು ರೆಂಬ್ರಾಂಟ್, ಆಮೇಲೆ ವರ್ಮೀರ್. ರೆಂಬ್ರಾಂಟ್ ಇದ್ದ ಆಮ್‌ಸ್ಟರ್‌ಡಾಮ್‌ನಲ್ಲೇ, ಅದೇ ಕಾಲದಲ್ಲಿ ಕೆಲಸ ಮಾಡುತ್ತಿದ್ದ ಅಲಾರ್ಟ್ ಫಾನ್ ಎವರ್‌ಡಿಂಗೆನ್ ಎಂಬ ಕಲಾವಿದನ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಅವನು ಎಣ್ಣೆಬಣ್ಣದಲ್ಲಿ ದೊಡ್ಡ ಚಿತ್ರಗಳನ್ನೂ ಬರೆದ. ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಅವನ ಎಚಿಂಗ್‌ಗಳು. ತಾಮ್ರದ ತಗಡಿನ ಮೇಲೆ ಗೀರಿ, ಆಮ್ಲದಲ್ಲಿ ಕೊರೆಯಿಸಿ, ಮಸಿ ತುಂಬಿ ಕಾಗದಕ್ಕೆ ಒತ್ತಿದ ಸಣ್ಣ ಸಣ್ಣ ಚಿತ್ರಗಳು ಅವು. ಹೆಚ್ಚಿನವು ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡವು.

ಈ ಎಚಿಂಗ್‌ಗಳಲ್ಲಿ ಎರಡು ಗುಂಪುಗಳಿವೆ. ಒಂದು, ಭೂದೃಶ್ಯಗಳು. ನೂರಕ್ಕೂ ಹೆಚ್ಚಿರುವ ಇವುಗಳಲ್ಲಿ ಬಂಡೆ, ಜಲಪಾತ, ಮೊನಚು ಮರಗಳು, ಮರದ ದಿಮ್ಮಿ ಪೇರಿಸಿ ಕಟ್ಟಿದ ಮನೆಗಳು ತುಂಬಿವೆ. ಇನ್ನೊಂದು, ರೈನಾರ್ಟ್ ಎಂಬ ನರಿಯ ಕಥೆಗೆ ಮಾಡಿದ 57 ಚಿತ್ರಗಳ ಸರಣಿ. ಬರೆಯುವವರು ಸಾಮಾನ್ಯವಾಗಿ ಇವೆರಡನ್ನೂ ಬೇರೆಬೇರೆಯಾಗಿ ಇಡುತ್ತಾರೆ. ಮೊದಲನೆಯದು ಪ್ರಕೃತಿ ಚಿತ್ರ, ಎರಡನೆಯದು ಕಥೆಗೆ ಬರೆದ ಚಿತ್ರ ಅಂತ. ನನಗೆ ಹಾಗನ್ನಿಸುವುದಿಲ್ಲ. ನರಿಯ ಚಿತ್ರಗಳು ಅಷ್ಟು ಚೆನ್ನಾಗಿ ಬಂದಿರುವುದೇ ಅವನ್ನು ಮಾಡಿದವನು ಭೂದೃಶ್ಯದ ಕಲಾವಿದ ಆಗಿದ್ದರಿಂದ. ಅದು ಹೇಗೆ ಎಂದು ತಿಳಿಯಬೇಕಾದರೆ ಅವನು ಎಲ್ಲಿಗೆ ಹೋಗಿದ್ದ, ಎಚಿಂಗ್ ಹೇಗೆ ಆಗುತ್ತದೆ, ನರಿಯ ಕಥೆ ಏನು, ಈ ಮೂರನ್ನೂ ನೋಡಬೇಕು.

ಬೆಟ್ಟವಿಲ್ಲದ ನಾಡಿನಿಂದ ಬೆಟ್ಟಕ್ಕೆ

ಎವರ್‌ಡಿಂಗೆನ್ ಹುಟ್ಟಿದ್ದು 1621ರಲ್ಲಿ, ಆಲ್ಕ್‌ಮಾರ್ ಎಂಬ ಊರಿನಲ್ಲಿ. ಅಣ್ಣ ಸೇಸರ್ ಕೂಡ ಹೆಸರುವಾಸಿ ಚಿತ್ರಕಾರ. ಪುರಾಣದ ದೃಶ್ಯಗಳು, ಭಾವಚಿತ್ರಗಳು ಅವನ ಕ್ಷೇತ್ರ. ತಮ್ಮ ಹಿಡಿದದ್ದು ಬೇರೆ ದಾರಿ. ಡಚ್ ಕಲಾವಿದರ ಜೀವನಚರಿತ್ರೆ ಬರೆದ ಹೌಬ್ರಾಕನ್ ಹೇಳುವಂತೆ ಅವನಿಗೆ ಇಬ್ಬರು ಗುರುಗಳು. ಊಟ್ರೆಕ್ಟ್‌ನಲ್ಲಿ ರೂಲಾಂಟ್ ಸಾವರಿ, ಹಾರ್ಲೆಮ್‌ನಲ್ಲಿ ಪೀಟರ್ ಡ ಮೊಲೈನ್.

ಈ ಇಬ್ಬರನ್ನು ಸ್ವಲ್ಪ ಗಮನಿಸಿ. ಸಾವರಿ ಪ್ರಾಗ್‌ನಲ್ಲಿ ಎರಡನೇ ರುಡಾಲ್ಫ್ ಚಕ್ರವರ್ತಿಯ ಆಸ್ಥಾನದಲ್ಲಿದ್ದವನು. ಚಕ್ರವರ್ತಿಯ ಅಪ್ಪಣೆಯಂತೆ ಆಲ್ಪ್ಸ್‌ನ ಟಿರೋಲ್ ಪ್ರದೇಶಕ್ಕೆ ಹೋಗಿ ಬಂಡೆ, ಜಲಪಾತ, ಬಿದ್ದ ಮರಗಳನ್ನು ಬರೆದುಕೊಂಡು ಬಂದವನು. ಪ್ರಾಣಿಗಳನ್ನು ಬರೆಯುವುದರಲ್ಲೂ ಎತ್ತಿದ ಕೈ. ಅಳಿದುಹೋದ ಡೋಡೋ ಹಕ್ಕಿಯನ್ನು ಇವತ್ತು ನಾವು ಕಲ್ಪಿಸಿಕೊಳ್ಳುವುದು ಬಹುಮಟ್ಟಿಗೆ ಅವನ ಚಿತ್ರಗಳಿಂದಲೇ. ಮೊಲೈನ್ ಮಾತ್ರ ತನ್ನ ಊರಿನ ಮರಳುದಿಬ್ಬ, ಗಾಡಿದಾರಿ, ಮೋಡ ಕವಿದ ಆಕಾಶವನ್ನು ಕೆಲವೇ ಬಣ್ಣಗಳಲ್ಲಿ ಹಿಡಿದವನು. ಬಂಡೆ ಮತ್ತು ಪ್ರಾಣಿ ಒಬ್ಬ ಗುರುವಿನಿಂದ, ಗಾಳಿ ಮತ್ತು ಬೆಳಕು ಇನ್ನೊಬ್ಬನಿಂದ. ಮುಂದೆ ಎವರ್‌ಡಿಂಗೆನ್ ಮಾಡಿದ ಕೆಲಸದಲ್ಲಿ ಇಬ್ಬರೂ ಇದ್ದಾರೆ.

1644ರಲ್ಲಿ, ಇಪ್ಪತ್ತಮೂರರ ಆಸುಪಾಸಿನಲ್ಲಿ, ಅವನು ನಾರ್ವೆ ಮತ್ತು ಸ್ವೀಡನ್‌ಗೆ ಹೋದ. ನಾರ್ವೆಯ ಆಗ್ನೇಯ ಕರಾವಳಿ ಮತ್ತು ಸ್ವೀಡನ್‌ನ ಗೋಥೆನ್‌ಬರ್ಗ್ ಸುತ್ತಮುತ್ತ ಅವನು ಓಡಾಡಿದ್ದು ಅಲ್ಲಿ ಬರೆದುಕೊಂಡ ರೇಖಾಚಿತ್ರಗಳಿಂದ ಗೊತ್ತಾಗುತ್ತದೆ. ಬಾಲ್ಟಿಕ್ ಕಡೆಗೆ ಹೊರಟಿದ್ದ ಹಡಗು ಬಿರುಗಾಳಿಗೆ ಸಿಕ್ಕು ನಾರ್ವೆಯ ದಡ ಸೇರಿತು ಎಂದು ಹೌಬ್ರಾಕನ್ ಬರೆಯುತ್ತಾನೆ. ಕಥೆ ರೋಚಕವಾಗಿದೆ. ಆದರೆ ಒಬ್ಬ ಡಚ್ಚನನ್ನು ನಾರ್ವೆಗೆ ಕರೆದೊಯ್ಯಲು ಬಿರುಗಾಳಿಯೇ ಬೇಕಿರಲಿಲ್ಲ. ಎರಡೂ ನಾಡುಗಳ ನಡುವೆ ಸದಾ ಹಡಗುಗಳು ಓಡಾಡುತ್ತಿದ್ದವು. ಅದಕ್ಕೆ ಕಾರಣ ಮರ.

ಹಾಲೆಂಡ್‌ನಲ್ಲಿ ದೊಡ್ಡ ಕಾಡಿಲ್ಲ. ನೆಲ ಮೆತ್ತಗೆ, ಜೌಗು. ಆಮ್‌ಸ್ಟರ್‌ಡಾಮ್‌ನಲ್ಲಿ ಮನೆ ಕಟ್ಟಬೇಕೆಂದರೆ ಮೊದಲು ಮರದ ಕಂಬಗಳನ್ನು ಆಳಕ್ಕೆ ಹೊಡೆಯಬೇಕು. 1648ರಲ್ಲಿ ಅಡಿಗಲ್ಲು ಹಾಕಿದ ಅಲ್ಲಿನ ಪುರಭವನ, ಅಂದರೆ ಈಗಿನ ಅರಮನೆ, ನಿಂತಿರುವುದು 13,659 ಕಂಬಗಳ ಮೇಲೆ. ಹಡಗಿಗೂ ಮರ, ಪಟಸ್ತಂಭಕ್ಕೂ ಮರ. ಇದರಲ್ಲಿ ಎಷ್ಟೋ ಬರುತ್ತಿದ್ದದ್ದು ಉತ್ತರದ ದೇಶಗಳಿಂದ. ಸ್ವೀಡನ್ನಿನಿಂದ ಕಬ್ಬಿಣ, ತಾಮ್ರ ಬರುತ್ತಿತ್ತು. ಆದ್ದರಿಂದ ನಾರ್ವೆಯ ಪೈನ್ ಮರ, ನೀರಿನಿಂದ ಓಡುವ ಗರಗಸದ ಗಿರಣಿ ಇವೆಲ್ಲ ಡಚ್ ಜನರಿಗೆ ಬರೀ ದೂರದ ಸುಂದರ ದೃಶ್ಯ ಆಗಿರಲಿಲ್ಲ. ಅವರ ಮನೆಯ ಕೆಳಗಿನ ಕಂಬ ಬಂದ ಜಾಗ ಅದು. ಎವರ್‌ಡಿಂಗೆನ್‌ನ ಚಿತ್ರಗಳಲ್ಲಿ ಜಲಪಾತದ ಪಕ್ಕದಲ್ಲೇ ಗಿರಣಿ, ನೀರಿನಲ್ಲಿ ತೇಲುವ ದಿಮ್ಮಿಗಳು ಮತ್ತೆ ಮತ್ತೆ ಬರುವುದನ್ನು ಹೀಗೆ ಅರ್ಥ ಮಾಡಿಕೊಳ್ಳಬೇಕು.

ಇನ್ನೊಂದು ಮಾತು. 1644 ಅಲ್ಲಿ ಯುದ್ಧದ ಕಾಲ. ಡೆನ್ಮಾರ್ಕ್-ನಾರ್ವೆಗೂ ಸ್ವೀಡನ್ನಿಗೂ 1643ರಿಂದ 1645ರವರೆಗೆ ಕಾಳಗ ನಡೆಯುತ್ತಿತ್ತು. ಅವನ ಚಿತ್ರಗಳಲ್ಲಿ ಅದರ ಸುಳಿವೇ ಇಲ್ಲ. ಮೀನುಗಾರ, ಮೇಕೆ, ಮರದ ಸೇತುವೆ ಇಷ್ಟೇ.

1645ರ ಫೆಬ್ರವರಿ ಹೊತ್ತಿಗೆ ಅವನು ವಾಪಸಾಗಿ ಹಾರ್ಲೆಮ್‌ನಲ್ಲಿ ಮದುವೆಯಾಗಿದ್ದ. ಅಲ್ಲಿನ ಕಲಾವಿದರ ಸಂಘ ಸೇರಿದ. 1652ರಲ್ಲಿ ಆಮ್‌ಸ್ಟರ್‌ಡಾಮ್‌ಗೆ ಬಂದು ನೆಲೆಸಿದ. 1675ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ಮೂವತ್ತು ವರ್ಷ ಅವನು ಆ ಒಂದು ಪ್ರವಾಸದ ನೆನಪಿನಲ್ಲೇ ಬರೆದ ಎನ್ನಬಹುದು. ಮಧ್ಯೆ ಈಗಿನ ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ಕಡೆ ಹೋಗಿಬಂದು, ಸ್ಪಾ ಎಂಬ ಊರಿನ ಖನಿಜ ನೀರಿನ ಬುಗ್ಗೆಗಳನ್ನು ನಾಲ್ಕು ಎಚಿಂಗ್‌ಗಳಲ್ಲಿ ತೋರಿಸಿದ್ದೂ ಉಂಟು.

ಅವನ ಗಿರಾಕಿಗಳಲ್ಲಿ ಟ್ರಿಪ್ ಮನೆತನದವರು ಮುಖ್ಯರು. ಕಬ್ಬಿಣ ಮತ್ತು ಫಿರಂಗಿ ವ್ಯಾಪಾರದಲ್ಲಿ ಹಣ ಮಾಡಿದವರು. ಸ್ವೀಡನ್‌ನ ಯೂಲಿಟಾ ಎಂಬಲ್ಲಿ ಹೆಂಡ್ರಿಕ್ ಟ್ರಿಪ್‌ಗೆ ಸೇರಿದ ಫಿರಂಗಿ ಎರಕದ ಕಾರ್ಖಾನೆಯನ್ನು ಎವರ್‌ಡಿಂಗೆನ್ ದೊಡ್ಡ ಎಣ್ಣೆಚಿತ್ರವಾಗಿ ಬರೆದ. ಅದು ಈಗ ಆಮ್‌ಸ್ಟರ್‌ಡಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಟ್ರಿಪ್ ಸಹೋದರರು 1660ರ ದಶಕದ ಆರಂಭದಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಕಟ್ಟಿಸಿದ ಭಾರಿ ಮನೆಯ ಹೊಗೆಗೂಡುಗಳು ಫಿರಂಗಿಯ ಆಕಾರದಲ್ಲೇ ಇವೆ. ಆ ಮನೆಗೂ ಅವನು ಉತ್ತರದ ಭೂದೃಶ್ಯಗಳನ್ನು ಬರೆದುಕೊಟ್ಟ.

ಅವನಿಂದ ಅತಿ ಹೆಚ್ಚು ಪಡೆದುಕೊಂಡವನು ಯಾಕಬ್ ಫಾನ್ ರೌಸ್‌ಡಾಲ್. ಡಚ್ ಭೂದೃಶ್ಯದ ಅತಿ ದೊಡ್ಡ ಹೆಸರು ಅದು. ಅವನು ಬರೆದ ಜಲಪಾತಗಳು ಲೋಕಪ್ರಸಿದ್ಧ. ಆದರೆ ರೌಸ್‌ಡಾಲ್ ಸ್ಕಾಂಡಿನೇವಿಯಾಗೆ ಕಾಲಿಟ್ಟವನಲ್ಲ. ಎವರ್‌ಡಿಂಗೆನ್‌ನ ಚಿತ್ರಗಳನ್ನು ನೋಡಿಯೇ ಆ ಬಂಡೆ, ಆ ನೊರೆ, ಆ ಮರಗಳನ್ನು ಕಲಿತ. ಕೊನೆಗೆ ಶಿಷ್ಯನ ಸ್ಥಾನದಲ್ಲಿದ್ದವನ ಹೆಸರೇ ಮೇಲಾಯಿತು. ರೌಸ್‌ಡಾಲ್‌ನ ಗಾಂಭೀರ್ಯ ಎವರ್‌ಡಿಂಗೆನ್‌ಗೆ ಇಲ್ಲ, ನಿಜ. ಆದರೆ ನೆಲವನ್ನು ಕಾಲಿನಿಂದ ತಿಳಿದವನ ಖಚಿತತೆ ಇವನಲ್ಲಿದೆ. ಮರದ ಮನೆಯ ಮೂಲೆಯಲ್ಲಿ ದಿಮ್ಮಿಗಳು ಒಂದಕ್ಕೊಂದು ಹೇಗೆ ಕಚ್ಚಿಕೊಳ್ಳುತ್ತವೆ ಎನ್ನುವುದನ್ನು ಇವನ ಎಚಿಂಗ್ ನೋಡಿ ಕಲಿಯಬಹುದು.

ತಗಡು, ಸೂಜಿ, ಆಮ್ಲ

ಈಗ ಕೆಲಸದ ಕ್ರಮಕ್ಕೆ ಬರೋಣ. ಇದು ಗೊತ್ತಿಲ್ಲದಿದ್ದರೆ ಎಚಿಂಗ್ ಬರೀ ಕಪ್ಪುಬಿಳುಪು ಚಿತ್ರವಾಗಿ ಕಾಣುತ್ತದೆ. ಗೊತ್ತಾದ ಮೇಲೆ ಪ್ರತಿ ಗೆರೆಯೂ ಒಂದು ತೀರ್ಮಾನ ಎನ್ನುವುದು ಕಾಣುತ್ತದೆ.

ಮೊದಲು ತಾಮ್ರದ ತಗಡನ್ನು ಕನ್ನಡಿಯ ಹಾಗೆ ಉಜ್ಜಬೇಕು. ಅದರ ಮೇಲೆ ಮೇಣ, ರಾಳ, ಡಾಂಬರಿನಂಥ ಅಂಟು ಬೆರೆಸಿದ ತೆಳುವಾದ ಲೇಪ ಹಚ್ಚಬೇಕು. ಮೇಣದ ಬತ್ತಿಯ ಹೊಗೆ ಹಿಡಿದರೆ ಲೇಪ ಕಪ್ಪಾಗುತ್ತದೆ. ಈಗ ಕಲಾವಿದ ಸೂಜಿ ಹಿಡಿದು ಆ ಲೇಪವನ್ನು ಗೀರುತ್ತಾನೆ. ಸೂಜಿ ಹೋದಲ್ಲೆಲ್ಲ ಲೇಪ ಎದ್ದು, ಕೆಳಗಿನ ತಾಮ್ರ ಹೊಳೆಯುತ್ತದೆ. ತಾಮ್ರವನ್ನು ಕೈಯಿಂದ ಕೊರೆಯುತ್ತಿಲ್ಲ ಎನ್ನುವುದೇ ಇಲ್ಲಿ ಮುಖ್ಯ. ಲೇಪ ಮೆತ್ತಗಿರುವುದರಿಂದ ಕೈ ಕಾಗದದ ಮೇಲೆ ಓಡಿದ ಹಾಗೇ ಓಡುತ್ತದೆ. ಉಳಿಯಿಂದ ತಾಮ್ರವನ್ನೇ ನೇರ ಕೆತ್ತುವ ಹಳೆಯ ಪದ್ಧತಿಯಲ್ಲಿ ಈ ಸಲೀಸು ಇಲ್ಲ. ಅದಕ್ಕೆ ವರ್ಷಗಟ್ಟಲೆ ಪಳಗಿದ ಕೈ ಬೇಕು. ಗೆರೆಯೂ ಬಿಗಿಯಾಗಿ, ಶಿಸ್ತಾಗಿ ಬರುತ್ತದೆ. ರೆಂಬ್ರಾಂಟ್, ಎವರ್‌ಡಿಂಗೆನ್ ಅವರಂಥ ಚಿತ್ರಕಾರರು ಎಚಿಂಗ್ ಕಡೆ ವಾಲಿದ್ದು ಈ ಕಾರಣಕ್ಕೆ.

ಆಮೇಲೆ ತಗಡಿಗೆ ಆಮ್ಲ. ಲೇಪ ಇರುವ ಕಡೆ ಅದು ಏನೂ ಮಾಡುವುದಿಲ್ಲ. ತೆರೆದ ತಾಮ್ರವನ್ನು ಮಾತ್ರ ತಿನ್ನುತ್ತದೆ. ಗೆರೆ ತೋಡಾಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ತೋಡು ಆಳ, ಅಗಲ. ಕಡಿಮೆ ಹೊತ್ತಾದರೆ ತೆಳು. ಭೂದೃಶ್ಯದವರಿಗೆ ಇದು ವರವಾಯಿತು. ದೂರದ ಬೆಟ್ಟದ ಗೆರೆಗಳನ್ನು ಸ್ವಲ್ಪ ಹೊತ್ತು ಮಾತ್ರ ಆಮ್ಲಕ್ಕೆ ಕೊಡಬೇಕು. ಆಮೇಲೆ ತಗಡನ್ನು ಹೊರತೆಗೆದು, ಆ ಭಾಗವನ್ನು ವಾರ್ನಿಷ್‌ನಿಂದ ಮುಚ್ಚಿ, ಮತ್ತೆ ಒಳಗಿಡಬೇಕು. ಮಧ್ಯದ ಮನೆ ಇನ್ನಷ್ಟು ಹೊತ್ತು. ಮುಂದಿನ ಬಂಡೆ, ಬಿದ್ದ ಮರ ಇನ್ನೂ ಹೊತ್ತು. ಹೀಗೆ ದೂರ ಎನ್ನುವುದು ಇಲ್ಲಿ ಸಮಯವಾಗಿ ಬದಲಾಗುತ್ತದೆ. ಎವರ್‌ಡಿಂಗೆನ್‌ನ ಭೂದೃಶ್ಯದಲ್ಲಿ ಮುಂಭಾಗದ ಬಂಡೆ ಗಟ್ಟಿಯಾಗಿ ಕಪ್ಪಗೆ ಇದ್ದು, ಹಿಂದಿನ ಬೆಟ್ಟ ಈಗ ಕರಗಿಹೋಗುತ್ತದೇನೋ ಅನ್ನುವ ಹಾಗೆ ಕಂಡರೆ, ಕಣ್ಣು ನೋಡುತ್ತಿರುವುದು ಆಮ್ಲದ ಹೊತ್ತಿನ ವ್ಯತ್ಯಾಸವನ್ನು.

ಕೊನೆಗೆ ಲೇಪ ತೆಗೆದು, ತಗಡಿಗೆಲ್ಲ ಮಸಿ ಬಳಿದು, ಬಟ್ಟೆಯಿಂದ ಒರೆಸುತ್ತಾರೆ. ಮೇಲಿನ ಮಸಿ ಹೋಗುತ್ತದೆ, ತೋಡಿನೊಳಗಿನದು ಉಳಿಯುತ್ತದೆ. ಒದ್ದೆ ಮಾಡಿದ ಕಾಗದವನ್ನು ಇಟ್ಟು, ಮೇಲೆ ಕಂಬಳಿ ಹಾಸಿ, ಎರಡು ಉರುಳೆಗಳ ನಡುವೆ ಭಾರಿ ಒತ್ತಡದಲ್ಲಿ ಹಾಯಿಸುತ್ತಾರೆ. ಕಾಗದ ತೋಡಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲೂ ಒದ್ದೆ ಕಾಗದ ಅಕ್ಷರದ ತೋಡಿನೊಳಗೆ ಇಳಿಯುತ್ತದೆ. ಆದರೆ ಮಸಿ ಹತ್ತುವುದು ಮೇಲಿನ ಭಾಗಕ್ಕೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಎಚಿಂಗ್‌ನಲ್ಲಿ ಇದು ಉಲ್ಟಾ. ತೋಡೇ ಕಪ್ಪು.

ಎರಡು ಪರಿಣಾಮಗಳನ್ನು ಮರೆಯಬಾರದು. ಒಂದು, ಚಿತ್ರ ಎಡಬಲ ತಿರುಗಿ ಬರುತ್ತದೆ. ಹೆಸರನ್ನು ತಗಡಿನ ಮೇಲೆ ತಿರುಗಿಸಿ ಬರೆಯಬೇಕು. ಎವರ್‌ಡಿಂಗೆನ್ ಎಷ್ಟೋ ತಗಡುಗಳಲ್ಲಿ ಎ, ವಿ, ಇ ಎಂಬ ಮೂರು ರೋಮನ್ ಅಕ್ಷರಗಳನ್ನಷ್ಟೇ ಎಲ್ಲೋ ಬಂಡೆಯ ಪಕ್ಕ ಇಟ್ಟಿದ್ದಾನೆ. ಎರಡು, ಬಿಳುಪಿಗೆ ಬೇರೆ ಬಣ್ಣವಿಲ್ಲ, ಕಾಗದವೇ ಬಿಳುಪು. ಜಲಪಾತ ಬರೆಯುವುದೆಂದರೆ ಜಲಪಾತದ ಸುತ್ತ ಬರೆಯುವುದು. ಬೀಳುವ ನೀರಿಗೆ ನಾಲ್ಕಾರು ಗೆರೆ ಕೊಟ್ಟು, ಉಳಿದದ್ದನ್ನು ಖಾಲಿ ಬಿಟ್ಟು, ಎರಡೂ ಕಡೆಯ ಬಂಡೆಯನ್ನು ಗೆರೆಯ ಮೇಲೆ ಗೆರೆ ಹಾಕಿ ಕಪ್ಪಾಗಿಸಬೇಕು. ಅವನ ಒಳ್ಳೆಯ ಹಾಳೆಗಳಲ್ಲಿ ನೀರಿನ ಸದ್ದು ಆ ಖಾಲಿ ಜಾಗದಿಂದಲೇ ಬರುತ್ತದೆ ಎನ್ನಿಸುತ್ತದೆ.

ಆಕಾಶಕ್ಕೂ ಅವನು ಹೆಚ್ಚು ಗೆರೆ ಖರ್ಚು ಮಾಡುವುದಿಲ್ಲ. ಮನುಷ್ಯರು ಚಿಕ್ಕವರು. ಒಬ್ಬ ಹೊರೆ ಹೊತ್ತವನು, ಇಬ್ಬರು ಮಾತಾಡುತ್ತ ನಿಂತವರು. ಅವರು ದೃಶ್ಯವನ್ನು ನೋಡಿ ಬೆರಗಾಗುತ್ತಿಲ್ಲ. ತಮ್ಮ ಪಾಡಿಗೆ ತಮ್ಮ ಕೆಲಸದಲ್ಲಿದ್ದಾರೆ. ಮುಂದೆ ಬಂದ ರೊಮ್ಯಾಂಟಿಕ್ ಕಲಾವಿದರ ಬೆಟ್ಟಗಳಿಗೂ ಇವನ ಬೆಟ್ಟಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದು. ಇಲ್ಲಿ ಬೆಟ್ಟ ಜನ ಬದುಕುವ ಜಾಗ.

ಸಿಂಹದ ಆಸ್ಥಾನಕ್ಕೆ ಬಾರದ ನರಿ

ಈಗ ಎರಡನೇ ಗುಂಪು. ರೈನಾರ್ಟ್ ನರಿಯ ಕಥೆ ಎವರ್‌ಡಿಂಗೆನ್ ಹುಟ್ಟುವ ಹೊತ್ತಿಗೇ ಐದು ಶತಮಾನದಷ್ಟು ಹಳೆಯದು. ಹನ್ನೆರಡನೇ ಶತಮಾನದ ಮಧ್ಯದಲ್ಲಿ ಈಗಿನ ಬೆಲ್ಜಿಯಂನ ಗೆಂಟ್ ಊರಿನ ಕಡೆ ಲ್ಯಾಟಿನ್‌ನಲ್ಲಿ ಒಂದು ಕಾವ್ಯ ಬಂತು. ಅದರಲ್ಲಿ ತೋಳ ಮತ್ತು ನರಿಯ ಹಗೆಯೇ ವಸ್ತು. ಆಮೇಲೆ ಫ್ರೆಂಚ್‌ನಲ್ಲಿ ಸಾಲುಸಾಲಾಗಿ ಕಥೆಗಳು ಹುಟ್ಟಿದವು. ಹದಿಮೂರನೇ ಶತಮಾನದಲ್ಲಿ ವಿಲ್ಲೆಮ್ ಎಂಬ ಕವಿ ಡಚ್ಚಿನಲ್ಲಿ ಅದನ್ನು ಬಿಗಿಯಾಗಿ ಕಟ್ಟಿದ. ಮುದ್ರಣ ಯಂತ್ರ ಬಂದ ಕೂಡಲೇ ಅಚ್ಚಾದ ಪುಸ್ತಕಗಳಲ್ಲಿ ಇದೂ ಒಂದು. 1479ರಲ್ಲಿ ಹೌಡ ಊರಿನಲ್ಲಿ ಡಚ್ ಗದ್ಯ, 1481ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಮಾಡಿದ ಇಂಗ್ಲಿಷ್ ಅನುವಾದ, 1498ರಲ್ಲಿ ಲ್ಯೂಬೆಕ್‌ನಲ್ಲಿ ಕೆಳಜರ್ಮನ್ ಎಂಬ ಉತ್ತರ ಜರ್ಮನಿಯ ನುಡಿಯಲ್ಲಿ ಕಾವ್ಯ.

ಕಥೆ ಹೀಗೆ ಶುರುವಾಗುತ್ತದೆ. ಪೆಂಟಕೋಸ್ಟ್ ಎಂಬ ಕ್ರೈಸ್ತರ ಹಬ್ಬದ ಹೊತ್ತು. ಕಾಡೆಲ್ಲ ಚಿಗುರಿದೆ. ರಾಜ ನೋಬೆಲ್ ಎಂಬ ಸಿಂಹ ಸಭೆ ಕರೆದಿದ್ದಾನೆ. ಎಲ್ಲರೂ ಬಂದಿದ್ದಾರೆ, ರೈನಾರ್ಟ್ ಒಬ್ಬನ ಹೊರತು. ಬರಲು ಅವನಿಗೆ ಮುಖವಿಲ್ಲ, ಯಾಕೆಂದರೆ ಎಲ್ಲರಿಗೂ ಅನ್ಯಾಯ ಮಾಡಿದ್ದಾನೆ. ತೋಳ ಇಸೆಂಗ್ರಿಮ್ ದೂರು ಕೊಡುತ್ತಾನೆ. ನರಿಯ ಬಂಧುವಾದ ಗ್ರಿಂಬರ್ಟ್ ಎಂಬ ಬ್ಯಾಜರ್ (ಬಿಲ ತೋಡಿ ಬದುಕುವ ಒಂದು ಪ್ರಾಣಿ), ಪಾಪ ಅವನು ಸುಧಾರಿಸಿದ್ದಾನೆ, ಸನ್ಯಾಸಿಯ ಹಾಗೆ ಇದ್ದಾನೆ ಎಂದು ವಾದ ಮಾಡುತ್ತಾನೆ. ಆ ಮಾತು ಮುಗಿಯುವುದರೊಳಗೆ ಹುಂಜ ತನ್ನ ಸತ್ತ ಮಗಳನ್ನು ಚಟ್ಟದ ಮೇಲೆ ಹೊರಿಸಿಕೊಂಡು ಬರುತ್ತಾನೆ. ನರಿ ಕಚ್ಚಿ ಕೊಂದ ಕೋಳಿ ಅದು.

ರಾಜ ಕರಡಿ ಬ್ರೂನ್‌ನನ್ನು ಕಳಿಸುತ್ತಾನೆ. ನರಿ ಜೇನಿನ ಆಸೆ ತೋರಿಸುತ್ತಾನೆ. ಬಡಗಿಯೊಬ್ಬ ಓಕ್ ಮರದ ದಿಮ್ಮಿಯನ್ನು ಸೀಳಲು ಬೆಣೆ ಹೊಡೆದು ಬಿಟ್ಟಿದ್ದಾನೆ. ಕರಡಿ ಅದರೊಳಗೆ ತಲೆ, ಮುಂಗಾಲು ತೂರಿಸಿದ ಕೂಡಲೇ ನರಿ ಬೆಣೆ ಕಿತ್ತುಬಿಡುತ್ತಾನೆ. ಊರವರು ದೊಣ್ಣೆ ಹಿಡಿದು ಬರುತ್ತಾರೆ. ಕರಡಿ ಮುಖದ ಚರ್ಮ ಕಿತ್ತುಕೊಂಡು, ನದಿಗೆ ಹಾರಿ ತಪ್ಪಿಸಿಕೊಳ್ಳುತ್ತಾನೆ. ಮುಂದೆ ಬೆಕ್ಕು ಹೋಗುತ್ತದೆ. ಇಲಿಯ ಆಸೆಗೆ ಪಾದ್ರಿಯ ಕಣಜದಲ್ಲಿ ಕುಣಿಕೆಗೆ ಸಿಕ್ಕಿಬೀಳುತ್ತದೆ. ಕೊನೆಗೆ ನರಿಯನ್ನು ಹಿಡಿದು ತಂದು ಗಲ್ಲಿಗೆ ನಿಲ್ಲಿಸಿದಾಗ, ಅವನು ಹೂತಿಟ್ಟ ನಿಧಿಯ ಕಥೆ ಕಟ್ಟುತ್ತಾನೆ. ರಾಜ ರಾಣಿ ಇಬ್ಬರೂ ಬಾಯಿ ಬಿಡುತ್ತಾರೆ. ಗಲ್ಲು ತಪ್ಪುತ್ತದೆ. ಯಾತ್ರೆಗೆ ಹೋಗುತ್ತೇನೆಂದು ಹೊರಟವನು ದಾರಿಯಲ್ಲಿ ಮೊಲವನ್ನು ಕೊಂದು, ತಲೆಯನ್ನು ಚೀಲದಲ್ಲಿ ಹಾಕಿ, ಪತ್ರ ಇದೆ ಎಂದು ಹೇಳಿ ಟಗರಿನ ಕೈಯಲ್ಲಿ ರಾಜನಿಗೇ ಕಳಿಸುತ್ತಾನೆ. ಹದಿನೈದನೇ ಶತಮಾನದ ಪಾಠಗಳಲ್ಲಿ ಕಥೆ ಇನ್ನೂ ಮುಂದಕ್ಕೆ ಹೋಗುತ್ತದೆ. ನರಿಗೂ ತೋಳಕ್ಕೂ ರಾಜನ ಮುಂದೆ ದ್ವಂದ್ವಯುದ್ಧ. ಮೋಸದಿಂದ ನರಿ ಗೆಲ್ಲುತ್ತಾನೆ, ಆಸ್ಥಾನದಲ್ಲಿ ದೊಡ್ಡ ಹುದ್ದೆ ಪಡೆಯುತ್ತಾನೆ.

ಕನ್ನಡದಲ್ಲಿ ಓದಿದವರಿಗೆ ಸಿಂಹರಾಜ, ಮಾತುಗಾರ ನರಿ, ಆಸ್ಥಾನದ ಒಳಸಂಚು ಹೊಸದಲ್ಲ. ಹನ್ನೊಂದನೇ ಶತಮಾನದ ದುರ್ಗಸಿಂಹನ ಪಂಚತಂತ್ರದಲ್ಲೇ ಇವೆಲ್ಲ ಇವೆ. ಆದರೆ ಎರಡರ ಗುರಿ ಬೇರೆ. ಪಂಚತಂತ್ರ ರಾಜನೀತಿ ಕಲಿಸಲು ಹೊರಟ ಗ್ರಂಥ. ಕಥೆಯೊಳಗೆ ಕಥೆ ಬಂದು ನೀತಿಯನ್ನು ಬಿಡಿಸಿ ಹೇಳುತ್ತದೆ. ರೈನಾರ್ಟ್ ಏನೂ ಕಲಿಸುವುದಿಲ್ಲ. ನ್ಯಾಯಾಲಯ, ಪಾದ್ರಿ, ಯಾತ್ರೆ, ತಪ್ಪೊಪ್ಪಿಗೆ, ಪ್ರತಿಯೊಂದನ್ನೂ ನರಿಯ ಕೈಗೆ ಕೊಟ್ಟು ಏನಾಗುತ್ತದೆ ನೋಡಿ ಅನ್ನುತ್ತದೆ. ದುರಾಸೆ ಎಲ್ಲರಿಗೂ ಇದೆ. ಕರಡಿಗೆ ಜೇನು, ಬೆಕ್ಕಿಗೆ ಇಲಿ, ರಾಜನಿಗೆ ನಿಧಿ. ನರಿಗೆ ಅದು ಗೊತ್ತಿದೆ, ಅಷ್ಟೇ. ಕಥೆಯ ಚುರುಕು, ಕ್ರೌರ್ಯ ಎರಡೂ ಅಲ್ಲಿವೆ.

ಪ್ರಾಣಿ ಪ್ರಾಣಿಯಾಗಿಯೇ ಉಳಿದಾಗ

ಇಂಥ ಕಥೆಗೆ ಚಿತ್ರ ಬರೆಯುವವನ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಪ್ರಾಣಿ ಮಾತಾಡುತ್ತದೆ, ವಾದಿಸುತ್ತದೆ, ಪತ್ರ ಕಳಿಸುತ್ತದೆ. ಹಾಗಿದ್ದರೆ ಅದನ್ನು ಹೇಗೆ ತೋರಿಸುವುದು? ಸುಲಭದ ದಾರಿ ಎಂದರೆ ಅಂಗಿ ತೊಡಿಸಿ ಎರಡು ಕಾಲಿನ ಮೇಲೆ ನಿಲ್ಲಿಸುವುದು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ವಿಲ್ಹೆಲ್ಮ್ ಫಾನ್ ಕೌಲ್‌ಬಾಖ್ ಇದೇ ಕಥೆಗೆ ಮಾಡಿದ್ದು ಹಾಗೆಯೇ. ಅವು ಜನಪ್ರಿಯವಾದವು. ನೋಡಿದ ಕೂಡಲೇ ಇದು ಮನುಷ್ಯರ ಬಗ್ಗೆ ಮಾಡಿದ ವಿಡಂಬನೆ ಎಂದು ಗೊತ್ತಾಗುತ್ತದೆ. ಒಮ್ಮೆ ಗೊತ್ತಾದ ಮೇಲೆ ಮತ್ತೆ ನೋಡಲು ಹೆಚ್ಚೇನೂ ಉಳಿಯುವುದಿಲ್ಲ.

ಎವರ್‌ಡಿಂಗೆನ್ ಬಹುಪಾಲು ಇದಕ್ಕೆ ಒಪ್ಪಲಿಲ್ಲ. ನರಿ ಸನ್ಯಾಸಿಯ ವೇಷ ಹಾಕುವಂಥ ಕಡೆ, ಕಥೆಯೇ ಕೇಳುವುದರಿಂದ ಬಟ್ಟೆ ಬರುತ್ತದೆ. ಉಳಿದಂತೆ ಅವನ ಕರಡಿ ಕರಡಿಯೇ. ನರಿ ನಾಲ್ಕು ಕಾಲಿನ ಮೇಲೆ ಓಡಾಡುತ್ತದೆ, ಬಾಲ ನೆಲಕ್ಕೆ ತಾಗುವಷ್ಟು ತಗ್ಗಿರುತ್ತದೆ. ಅವರ ಮಾತು, ಸಂಚು ಎಲ್ಲ ಕತ್ತು ತಿರುಗಿದ ರೀತಿಯಲ್ಲಿ, ಬೆನ್ನು ಬಾಗಿದ ರೀತಿಯಲ್ಲಿ, ಇಬ್ಬರ ನಡುವೆ ಬಿಟ್ಟ ಅಂತರದಲ್ಲಿ ಕಾಣಬೇಕು. ಸಾವರಿಯ ಹತ್ತಿರ ಕಲಿತದ್ದು ಇಲ್ಲಿ ಕೈ ಹಿಡಿದಿದೆ. ಸಿಂಹದಂಥ ಪ್ರಾಣಿಗಳನ್ನು ಡಚ್ ಕಲಾವಿದರು ಕಣ್ಣಾರೆ ನೋಡಲು ಆಗ ಅವಕಾಶವೂ ಇತ್ತು. ರೆಂಬ್ರಾಂಟ್ ಕೂಡ ಸಿಂಹಗಳನ್ನು ಬರೆದಿದ್ದಾನೆ.

ಇನ್ನು ಜಾಗದ ಮಾತು. ಈ 57 ಚಿತ್ರಗಳಲ್ಲಿ ಹಿನ್ನೆಲೆ ಎನ್ನುವುದು ನಾಟಕದ ಪರದೆಯಾಗಿ ಎಲ್ಲೂ ಉಳಿದಿಲ್ಲ. ನರಿಯ ಕೋಟೆ ಬಂಡೆಯ ಸಂದಿನಲ್ಲಿರುವ ನಿಜವಾದ ಬಿಲದ ಹಾಗಿದೆ. ಊರು ಅಂದರೆ ಹುಲ್ಲು ಮಾಡಿನ ಮನೆ, ಬೇಲಿ, ಹಳ್ಳ. ಕರಡಿಯ ತಲೆ ಸಿಕ್ಕಿಕೊಂಡ ದಿಮ್ಮಿಯನ್ನೇ ನೋಡಿ. ಇಂಥ ದಿಮ್ಮಿಗಳನ್ನು, ತೊಗಟೆ ಎದ್ದ ಬಿದ್ದ ಮರಗಳನ್ನು ಅವನು ತನ್ನ ಭೂದೃಶ್ಯಗಳ ಮುಂಭಾಗದಲ್ಲಿ ಎಷ್ಟು ಸಲ ಬರೆದಿದ್ದನೋ. ಮರ ಹೇಗೆ ಸೀಳುತ್ತದೆ, ನಾರು ಹೇಗೆ ಎಳೆಯುತ್ತದೆ ಎನ್ನುವುದು ಅವನ ಕೈಗೆ ಗೊತ್ತಿತ್ತು. ಆದ್ದರಿಂದ ಕರಡಿಗೆ ಆದ ನೋವು ನಂಬುವ ಹಾಗಿದೆ. ನಂಬಿದ್ದರಿಂದಲೇ ನರಿಯ ಕುಯುಕ್ತಿ ಚುಚ್ಚುತ್ತದೆ. ಬಟ್ಟೆ ತೊಟ್ಟ ಕರಡಿಯ ಮುಖ ಕಿತ್ತುಹೋದರೆ ನಗು ಬರುತ್ತದೆ. ನಿಜವಾದ ಕರಡಿಯ ಮುಖ ನಿಜವಾದ ಮರದಲ್ಲಿ ಸಿಕ್ಕಿಕೊಂಡರೆ ಹಾಗೆ ನಗಲು ಆಗುವುದಿಲ್ಲ.

ಭೂದೃಶ್ಯ ಮತ್ತು ನರಿ ಎರಡನ್ನೂ ಒಟ್ಟಿಗೆ ನೋಡಬೇಕು ಎಂದು ನಾನು ಹೇಳಿದ್ದು ಇದಕ್ಕೇ. ನೂರು ಭೂದೃಶ್ಯಗಳಲ್ಲಿ ಅವನು ಒಂದು ಲೋಕವನ್ನು ಕಟ್ಟಿಕೊಂಡಿದ್ದ. ನರಿಯನ್ನು ತಂದು ಬಿಟ್ಟದ್ದು ಆ ಲೋಕದೊಳಕ್ಕೆ.

ತಂತ್ರದಲ್ಲೂ ಈ ಸರಣಿಯಲ್ಲಿ ಹೊಸದೊಂದು ಪ್ರಯತ್ನ ಕಾಣುತ್ತದೆ. ಗೆರೆಯಿಂದ ನೆರಳು ಮಾಡುವುದರ ಜೊತೆಗೆ, ಕೆಲವು ತಗಡುಗಳಲ್ಲಿ ಮೆಜೊಟಿಂಟ್ ಜಾತಿಯ ಮೃದುವಾದ ಛಾಯೆ ಇದೆ. ಮೆಜೊಟಿಂಟ್ ಎಂದರೆ ತಗಡಿನ ಮೈಯನ್ನೇ ಹಲ್ಲುಗಳುಳ್ಳ ಉಪಕರಣದಿಂದ ಒರಟು ಮಾಡುವುದು. ಒರಟಾದ ಜಾಗ ಮಸಿ ಹಿಡಿದು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಲುಡ್ವಿಗ್ ಫಾನ್ ಸೀಗೆನ್ ಎಂಬ ಜರ್ಮನ್ ಮೊದಲ ಬಾರಿಗೆ ಇದನ್ನು ಮಾಡಿ ತೋರಿಸಿದ್ದು 1642ರಲ್ಲಿ. ಅಂದರೆ ಎವರ್‌ಡಿಂಗೆನ್ ಕಾಲಕ್ಕೆ ಇದು ಹೊಚ್ಚಹೊಸ ವಿದ್ಯೆ. ರಾತ್ರಿಯ ಕತ್ತಲು, ಬಿಲದ ಒಳಗಿನ ಮಬ್ಬಿಗೆ ಇದು ಚೆನ್ನಾಗಿ ಒದಗುತ್ತದೆ.

ತಗಡುಗಳು ಮುಂದೆ ಹೋದ ದಾರಿ

ಕಲಾವಿದ ಸತ್ತರೂ ತಾಮ್ರದ ತಗಡು ಉಳಿಯುತ್ತದೆ. ನರಿಯ ತಗಡುಗಳು ಕೈಯಿಂದ ಕೈಗೆ ಹೋಗಿ, 1752ರಲ್ಲಿ ಜರ್ಮನ್ ವಿದ್ವಾಂಸ ಗಾಟ್‌ಶೆಡ್ ಹೊರತಂದ ರೈನೆಕೆ (ರೈನಾರ್ಟ್‌ಗೆ ಜರ್ಮನ್ ಹೆಸರು) ನರಿಯ ಗದ್ಯ ಆವೃತ್ತಿಯಲ್ಲಿ ಅಚ್ಚಾದವು. ಕಲಾವಿದ ಸತ್ತು ಮುಕ್ಕಾಲು ಶತಮಾನದ ಮೇಲಾಗಿತ್ತು. ಈ ಪುಸ್ತಕವನ್ನು ಓದಿದವರಲ್ಲಿ ಜರ್ಮನ್ ಕವಿ ಗಯಟೆ ಒಬ್ಬ. ಎವರ್‌ಡಿಂಗೆನ್‌ನ ಚಿತ್ರಗಳೆಂದರೆ ಅವನಿಗೆ ಬಹಳ ಮೆಚ್ಚು, ಅವನ ಸಂಗ್ರಹದಲ್ಲೂ ಅವು ಇದ್ದವು. ಫ್ರೆಂಚ್ ಕ್ರಾಂತಿಯ ಗದ್ದಲದ ನಡುವೆ ಅವನು ಅದೇ ಕಥೆಯನ್ನು ಹನ್ನೆರಡು ಸರ್ಗಗಳ ಕಾವ್ಯವಾಗಿ ಬರೆದು 1794ರಲ್ಲಿ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಹೆನ್ರಿ ಕೋಲ್ 1843ರಲ್ಲಿ ಈ ಚಿತ್ರಗಳನ್ನು ಆಧರಿಸಿಯೇ ಮಕ್ಕಳಿಗಾಗಿ ಕಥೆ ಹೇಳಿದ.

ಭೂದೃಶ್ಯಗಳ ಕಡೆಯಲ್ಲೂ ಇಂಥದೇ ಒಂದು ಸುತ್ತು ಆಯಿತು. ನಾರ್ವೆಯಲ್ಲೇ ಹುಟ್ಟಿದ ಯೋಹಾನ್ ಕ್ರಿಸ್ಟಿಯನ್ ಡಾಲ್ ಹತ್ತೊಂಬತ್ತನೇ ಶತಮಾನದಲ್ಲಿ ತನ್ನ ನಾಡಿನ ಬೆಟ್ಟ, ಜಲಪಾತಗಳನ್ನು ಬರೆದು ಅಲ್ಲಿನ ಭೂದೃಶ್ಯ ಕಲೆಗೆ ಬುನಾದಿ ಹಾಕಿದವನು. ಅವನು ಶ್ರದ್ಧೆಯಿಂದ ನೋಡಿ ಕಲಿತ ಹಳಬರು ರೌಸ್‌ಡಾಲ್ ಮತ್ತು ಎವರ್‌ಡಿಂಗೆನ್. ಒಬ್ಬ ಡಚ್ಚ ಕೆಲವೇ ತಿಂಗಳಲ್ಲಿ ಕಂಡುಕೊಂಡದ್ದನ್ನು ನಾರ್ವೆಯವರು ಸುಮಾರು ನೂರೆಪ್ಪತ್ತು ವರ್ಷದ ಮೇಲೆ ತಮ್ಮದಾಗಿ ಮಾಡಿಕೊಂಡರು.

ನೋಡುವವರಿಗೆ ಒಂದು ಎಚ್ಚರಿಕೆ ಬೇಕು. ಒಂದೇ ತಗಡಿನಿಂದ ಬಂದ ಎರಡು ಪ್ರತಿಗಳು ಒಂದೇ ಆಗಿರುವುದಿಲ್ಲ. ಪ್ರತಿ ಸಲ ಉರುಳೆಯ ಕೆಳಗೆ ಹೋದಾಗ ತಾಮ್ರ ಸವೆಯುತ್ತದೆ. ಆಳದ ಗೆರೆಗಳು ಬಹಳ ಪ್ರತಿ ತಡೆಯುತ್ತವೆ. ದೂರದ ಬೆಟ್ಟದ ತೆಳು ಗೆರೆ ಬೇಗ ಮಾಸುತ್ತದೆ. ಮೆಜೊಟಿಂಟ್‌ನ ಕಪ್ಪು ಇನ್ನೂ ಬೇಗ ಹೋಗುತ್ತದೆ. ಆದ್ದರಿಂದ 1752ರ ಪುಸ್ತಕದ ಪ್ರತಿ ನೋಡಿ, ಇವನ ನೆರಳು ಇಷ್ಟೇನಾ ಎಂದುಕೊಂಡರೆ ತಪ್ಪಾಗುತ್ತದೆ. ಕಲಾವಿದನ ಕಾಲದಲ್ಲೇ ತೆಗೆದ ಪ್ರತಿ ಬೇರೆಯೇ ಇರುತ್ತದೆ. ಕಲಾವಿದ ಮಧ್ಯೆ ತಗಡಿಗೆ ಗೆರೆ ಸೇರಿಸಿದರೆ ಪ್ರತಿಯ ಹಂತವೂ ಬದಲಾಗುತ್ತದೆ. ಇದನ್ನು ಸ್ಟೇಟ್ ಎನ್ನುತ್ತಾರೆ. ವಿಯೆನ್ನಾದ ಆಡಮ್ ಫಾನ್ ಬಾರ್ಚ್ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ 21 ಸಂಪುಟಗಳಲ್ಲಿ ಇಂಥ ಹಾಳೆಗಳಿಗೆಲ್ಲ ಸಂಖ್ಯೆ ಕೊಟ್ಟ. ಮ್ಯೂಸಿಯಂಗಳಲ್ಲಿ ಎವರ್‌ಡಿಂಗೆನ್‌ನ ಹಾಳೆಯ ಪಕ್ಕ ಬಾರ್ಚ್ ಸಂಖ್ಯೆ ಎಂದು ಕಂಡರೆ ಅದು ಈ ಪಟ್ಟಿಯದು.

ಇವನ್ನು ನೋಡಲು ಯುರೋಪಿಗೇ ಹೋಗಬೇಕಿಲ್ಲ. ರೈಕ್ಸ್‌ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳನ್ನು ಜಾಲತಾಣದಲ್ಲಿ ಉಚಿತವಾಗಿ, ದೊಡ್ಡ ಗಾತ್ರದಲ್ಲಿ ಕೊಡುತ್ತದೆ. ನರಿಯ ಸರಣಿಗಾಗಿ ಎವರ್‌ಡಿಂಗೆನ್ ಮೊದಲು ಬರೆದ ರೇಖಾಚಿತ್ರಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಅದರ ಜಾಲತಾಣದಲ್ಲೂ ಹುಡುಕಬಹುದು. ಮೊದಲು ಜಲಪಾತವಿರುವ ಒಂದು ಭೂದೃಶ್ಯವನ್ನು ತೆರೆದು, ಗೆರೆಯೇ ಇಲ್ಲದ ಜಾಗಗಳನ್ನು ಗುರುತಿಸಿ. ಮುಂದಿನ ಬಂಡೆಯ ಗೆರೆಗೂ ಹಿಂದಿನ ಬೆಟ್ಟದ ಗೆರೆಗೂ ದಪ್ಪದಲ್ಲಿ ಎಷ್ಟು ವ್ಯತ್ಯಾಸ ಎಂದು ಹಿಗ್ಗಿಸಿ ನೋಡಿ. ಅದಾದ ಮೇಲೆ ನರಿಯ ಸರಣಿಗೆ ಹೋಗಿ. ಅಲ್ಲಿ ನರಿಯನ್ನು ಆಮೇಲೆ ನೋಡಿದರೂ ಆಗುತ್ತದೆ. ಮೊದಲು ಅದು ನಿಂತ ನೆಲ, ಹಿಂದಿನ ಮರ, ಅದಕ್ಕೂ ಕರಡಿಗೂ ನಡುವೆ ಇರುವ ದೂರವನ್ನು ನೋಡಿ. ಕಥೆಯ ಆ ಕ್ಷಣದಲ್ಲಿ ಯಾರ ಕೈ ಮೇಲಾಗಿದೆ ಎನ್ನುವುದು ಎಷ್ಟೋ ಸಲ ಆ ದೂರದಲ್ಲೇ ತಿಳಿದುಬಿಡುತ್ತದೆ.